ಮೂರು ಊರು, ಮೂರು ಪೆನ್‌ಡ್ರೈವ್

2018ರ ನವೆಂಬರ್ ತಿಂಗಳ ಒಂದು ಬೆಳಿಗ್ಗೆ ಅಫಜಲಪುರದಿಂದ ಕಾಕಾನ ಮಗ ಫೋನ್ ಮಾಡಿದ. “ಅಣ್ಣಾ, ನಿನ್ನ ಡಬ್ಬಿ ಬಂದ್ ಬಿದ್ದದ ನೋಡು. ಕರಿ ಪರದಾ ಮ್ಯಾಲ ಏನೇನೋ ಇಂಗ್ಲಿಷ್ ಬರ್ಲತದ. ಹುಡುಗುರು ಬಂದು ಕುಂತಾರ, ಏನ್ ಹೇಳ್ಲಿ?”

ಅವನದು ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣ ಝೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿ ತುಂಬುವುದು, ಹಾಲ್ ಟಿಕೆಟ್ ತೆಗೆದುಕೊಡುವುದು, ಪಾಸ್‌ಪೋರ್ಟ್ ಸೈಜ್ ಫೋಟೊ, ಎಲ್ಲ ಅಲ್ಲೇ. ಅಂಗಡಿಯ ಮೂಲೆಯಲ್ಲಿ, ಕಾಗದದ ರೀಮುಗಳ ಹಿಂದೆ, ನಾನಿಟ್ಟ ಒಂದು ಹಳೆ ಕಂಪ್ಯೂಟರ್ ಹಗಲು ರಾತ್ರಿ ನಡೆಯುತ್ತಿತ್ತು. ಅವನು ಅದನ್ನು ‘ಡಬ್ಬಿ’ ಎಂದೇ ಕರೆಯುತ್ತಿದ್ದ. ಕೊನೆಗೆ ನಮಗೆಲ್ಲ ಅದೇ ಹೆಸರು ರೂಢಿಯಾಯಿತು.

ನಾನು ಕಲಬುರಗಿಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡುವವನು. ಆ ವರ್ಷದ ಜೂನ್‌ನಲ್ಲಿ ಲ್ಯಾಬಿನ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕುವಾಗ ಮೂರನ್ನು ತೂಕದ ಲೆಕ್ಕದಲ್ಲಿ ಕೊಂಡುಕೊಂಡೆ. ತಲೆಯಲ್ಲಿ ಒಂದು ಹುಚ್ಚು ಹೊಕ್ಕಿತ್ತು. ಇಂಟರ್‌ನೆಟ್ ಇಲ್ಲದೆಯೇ ಓದಬಹುದಾದ ಒಂದು ಪುಟ್ಟ ಗ್ರಂಥಾಲಯವನ್ನು ಒಂದೊಂದು ಊರಲ್ಲಿ ಇಡುವುದು. ಕಿವಿಕ್ಸ್ ಎಂಬ ಉಚಿತ ತಂತ್ರಾಂಶವಿದೆ. ಕನ್ನಡ ವಿಕಿಪೀಡಿಯ ಇಡಿಯಾಗಿ ಒಂದೇ ಕಡತದಲ್ಲಿ ಸಿಗುತ್ತದೆ, ಅದನ್ನು ಈ ತಂತ್ರಾಂಶದ ಮೂಲಕ ಬಡಿಸಬಹುದು. ಜೊತೆಗೆ ಶಾಲೆಯ ಪಠ್ಯಪುಸ್ತಕಗಳು, ಹಳೆಯ ಪ್ರಶ್ನೆಪತ್ರಿಕೆಗಳು, ಒಂದಿಷ್ಟು ನಿಘಂಟು. ಯಂತ್ರಕ್ಕೊಂದು ವೈಫೈ ಪೆಟ್ಟಿಗೆ ಅಂಟಿಸಿದರೆ ಸುತ್ತಲಿನವರು ಫೋನಿನಲ್ಲೇ ತೆರೆದು ಓದಬಹುದು. ‘ಈಗ ಡೇಟಾ ಇಷ್ಟು ಸೋವಿ ಆದ ಮೇಲೆ ಇದೆಲ್ಲ ಯಾಕೆ’ ಎಂದು ಗೆಳೆಯರು ನಕ್ಕರು. ಸೋವಿ ಆಗಿದ್ದು ಹೌದು. ಆದರೆ ಮನೆಗೊಂದು ಫೋನ್, ಅದೂ ಅಪ್ಪನ ಜೇಬಿನಲ್ಲಿ, ಅಪ್ಪ ಹೊಲದಲ್ಲಿ. ಭೀಮೆಯ ದಂಡೆಯ ಎಷ್ಟೋ ಹಳ್ಳಿಗಳಲ್ಲಿ ನೆಟ್‌ವರ್ಕ್ ಹಿಡಿಯಲು ಮಾಳಿಗೆ ಏರಬೇಕಿತ್ತು. ಅಂಗಡಿಯ ಕಟ್ಟೆಯ ಮೇಲೆ ಕುಳಿತು ಪುಕ್ಕಟೆ ಓದುವ ಹುಡುಗರು ಬರುತ್ತಾರೆಂದು ನನಗೆ ಗೊತ್ತಿತ್ತು, ಬಂದರು.

ಒಂದನ್ನು ಅಫಜಲಪುರದ ಅಂಗಡಿಯಲ್ಲಿ ಇಟ್ಟೆ. ಇನ್ನೊಂದು ಜೇವರ್ಗಿಯಲ್ಲಿ ಅಕ್ಕನ ಮನೆಗೆ ಹೋಯಿತು. ಅಕ್ಕ, ಮಾಮಾ ಇಬ್ಬರೂ ಪಡಸಾಲೆಯಲ್ಲಿ ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಾರೆ. ಮೂರನೆಯದು ಆಳಂದದ ನಮ್ಮ ಹಳೆಯ ಮನೆಗೆ, ಅಪ್ಪನ ಕೋಣೆಗೆ. ಅಪ್ಪ ನಿವೃತ್ತ ಕನ್ನಡ ಮಾಸ್ತರು. ಅವರಿಗೆ ಹುಡುಗರಿಗಿಂತ ಹೆಚ್ಚಾಗಿ ತತ್ವಪದ ಕೇಳುವ ಆಸೆ. ಕಲಬುರಗಿಯಿಂದ ನೋಡಿದರೆ ಆಳಂದ ವಾಯವ್ಯಕ್ಕೆ, ಅಫಜಲಪುರ ಪಡುವಣಕ್ಕೆ, ಜೇವರ್ಗಿ ತೆಂಕಣಕ್ಕೆ. ಒಂದು ಕೆಟ್ಟರೆ ಇನ್ನೊಂದರ ದಾರಿಯಲ್ಲಿ ಇಳಿದು ನೋಡಿ ಬರುವ ಹಾಗಿಲ್ಲ. ಪ್ರತಿಯೊಂದಕ್ಕೂ ಬೇರೆ ಬಸ್ಸು, ಬೇರೆ ರವಿವಾರ.

ಈ ಮೂರೂ ಯಂತ್ರಗಳು ಚಾಲೂ ಆಗುತ್ತಿದ್ದದ್ದು ಪೆನ್‌ಡ್ರೈವಿನಿಂದ. ಹಾರ್ಡ್‌ಡಿಸ್ಕ್ ಒಂದೊಂದೇ ಇತ್ತು, ಅದೂ ಹಳೆಯದು. ಅದರಲ್ಲಿ ಪುಸ್ತಕ, ವಿಕಿಪೀಡಿಯ ಇರಲಿ. ಯಂತ್ರವನ್ನು ನಡೆಸುವ ಲಿನಕ್ಸ್ ಮಾತ್ರ ಬೇರೆ ಪೆನ್‌ಡ್ರೈವಿನಲ್ಲಿ ಇರಲಿ ಎಂದು ಯೋಚಿಸಿದ್ದೆ. ಕೆಟ್ಟರೆ ಆ ಪೆನ್‌ಡ್ರೈವ್ ಕಿತ್ತು ಇನ್ನೊಂದು ಚುಚ್ಚಿದರಾಯಿತು, ಕಾಕಾನ ಮಗನಿಗೂ ಅಷ್ಟು ಬರುತ್ತದೆ. ಯೋಚನೆ ತಪ್ಪಲ್ಲ. ದೊಡ್ಡ ದೊಡ್ಡ ಸರ್ವರ್‌ಗಳನ್ನೇ ಪೆನ್‌ಡ್ರೈವಿನಿಂದ, ಎಸ್‌ಡಿ ಕಾರ್ಡಿನಿಂದ ಚಾಲೂ ಮಾಡುವ ಕಾಲ ಅದು. 16 ಜಿಬಿಯ ಮೂರು ಪೆನ್‌ಡ್ರೈವ್‌ಗಳನ್ನು ಒಂದೇ ಅಂಗಡಿಯಲ್ಲಿ, ಒಂದೇ ದಿನ, ಒಂದೇ ಬೆಲೆಗೆ ತಂದೆ. ಅವು ಎಷ್ಟು ದಿನ ಬಾಳುತ್ತವೆ ಎಂಬ ಪ್ರಶ್ನೆಯೇ ಆಗ ನನಗೆ ಹುಟ್ಟಿರಲಿಲ್ಲ. ಪೆನ್‌ಡ್ರೈವಿನಲ್ಲಿ ತಿರುಗುವ ಚಕ್ರವಿಲ್ಲ, ಅಲುಗುವ ಮುಳ್ಳಿಲ್ಲ. ಸವೆಯಲು ಅಲ್ಲಿ ಏನಿದೆ?

ಆ ರವಿವಾರ ಚೌಡಾಪುರದ ಮೇಲೆ ಹಾಯುವ ಬಸ್ಸು ಹಿಡಿದು ಅಫಜಲಪುರಕ್ಕೆ ಹೋದೆ. ಬಸ್ಸಿನ ತುಂಬ ಗಾಣಗಾಪುರಕ್ಕೆ ಹೊರಟ ದತ್ತಾತ್ರೇಯನ ಭಕ್ತರು. ಅಂಗಡಿಯಲ್ಲಿ ಪೆನ್‌ಡ್ರೈವ್ ಕಿತ್ತು ನನ್ನ ಲ್ಯಾಪ್‌ಟಾಪಿಗೆ ಚುಚ್ಚಿದರೆ ಅದು ಬಂತು, ಹೆಸರು ತೋರಿಸಿತು, ಗಾತ್ರ ಮಾತ್ರ ಸೊನ್ನೆ. ತೆಗೆದು ಮತ್ತೆ ಚುಚ್ಚಿದೆ. ಸೊನ್ನೆ. ಮುಟ್ಟಿದರೆ ಸುಡುತ್ತಿತ್ತು. ಚಾಲೂ ಆಗಿ ಐದು ತಿಂಗಳಾಗಿತ್ತು.

“ಕಂಪನೀದ್ ಮಾಲ್ ಅಲ್ಲೇನು?” ಎಂದ ಕಾಕಾನ ಮಗ.

ನನಗೂ ಅದೇ ಅನುಮಾನ. ಖೊಟ್ಟಿ ಪೆನ್‌ಡ್ರೈವ್‌ಗಳು ಬಜಾರಿನಲ್ಲಿ ಬೇಕಾದಷ್ಟಿವೆ. 8 ಜಿಬಿಯ ಚಿಪ್ಪು ಒಳಗಿಟ್ಟು ಮೇಲೆ 32 ಎಂದು ಬರೆದು ಮಾರುತ್ತಾರೆ. ಎಂಟು ತುಂಬುವ ತನಕ ಎಲ್ಲ ಸರಿ, ಮುಂದೆ ಹಾಕಿದ್ದೆಲ್ಲ ಗಾಳಿಗೆ. ಆದರೆ ಈ ಮೂರನ್ನೂ ತಂದ ದಿನವೇ ಪೂರ್ತಿ ತುಂಬಿಸಿ, ಪೂರ್ತಿ ಓದಿಸಿ ತಾಳೆ ನೋಡಿದ್ದೆ. ಮಾಲು ಅಸಲಿ. ಕೊಂದವನು ಬೇರೆ ಯಾರೋ. ಕೊಂದವನು ನಾನೇ ಎಂದು ತಿಳಿಯಲು ಒಂದು ವಾರ ಹಿಡಿಯಿತು.

ಫ್ಲ್ಯಾಷ್ ಮೆಮೊರಿಯನ್ನು ಕಂಡುಹಿಡಿದವರು ಜಪಾನಿನ ತೊಶಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುಓಕಾ. 1984ರಲ್ಲಿ ಅವರು ಇದನ್ನು ಲೋಕದ ಮುಂದೆ ಇಟ್ಟರು. ಒಂದು ಇಡೀ ತುಂಡಿನಲ್ಲಿ ಬರೆದದ್ದೆಲ್ಲ ಒಮ್ಮೆಲೇ ಅಳಿಸಿಹೋಗುವುದನ್ನು ನೋಡಿ, ಕ್ಯಾಮೆರಾದ ಫ್ಲ್ಯಾಷ್ ನೆನಪಾಗಿ, ಅವರ ಸಹೋದ್ಯೋಗಿಯೊಬ್ಬರು ಆ ಹೆಸರು ಸೂಚಿಸಿದರಂತೆ. ನಮ್ಮ ಜೇಬಿನ ಪೆನ್‌ಡ್ರೈವ್ ಬಜಾರಿಗೆ ಬಂದದ್ದು 2000ದಲ್ಲಿ, 8 ಎಂಬಿಯಷ್ಟು ಜಾಗದೊಂದಿಗೆ. ಈಗಿನ ಒಂದೆರಡು ಫೋಟೊ ಹಿಡಿದೀತು. ಇಷ್ಟು ವರ್ಷಗಳಲ್ಲಿ ಜಾಗ ಸಾವಿರಾರು ಪಟ್ಟು ಬೆಳೆದಿದೆ, ಆದರೆ ಆ ಹೆಸರಿನಲ್ಲೇ ಅಡಗಿರುವ ಗುಣ ಬದಲಾಗಿಲ್ಲ. ಫ್ಲ್ಯಾಷಿನಲ್ಲಿ ಒಂದು ಅಕ್ಷರವನ್ನು ಮಾತ್ರ ಅಳಿಸಿ ತಿದ್ದಲು ಬರುವುದಿಲ್ಲ.

ಒಂದನೇ ಇಯತ್ತೆಯ ಪಾಟಿಯನ್ನು ನೆನೆಸಿಕೊಳ್ಳಿ. ಪಾಟಿಯ ತುಂಬ ಮಗ್ಗಿ ಬರೆದಿದ್ದೀರಿ. ಒಂದು ಸಾಲು ತಪ್ಪಾಗಿದೆ. ಬೆರಳಿಗೆ ಉಗುಳು ಹಚ್ಚಿ ಅದೊಂದನ್ನೇ ಒರೆಸಿ ತಿದ್ದುತ್ತೀರಿ. ಫ್ಲ್ಯಾಷಿನ ಪಾಟಿಯಲ್ಲಿ ಆ ಸವಲತ್ತಿಲ್ಲ. ಉಳಿದ ಸಾಲುಗಳನ್ನೆಲ್ಲ ಮೊದಲು ಬೇರೆ ಖಾಲಿ ಪಾಟಿಗೆ ಇಳಿಸಿಕೊಳ್ಳಬೇಕು, ತಿದ್ದಿದ ಸಾಲನ್ನೂ ಅಲ್ಲೇ ಬರೆಯಬೇಕು, ಆಮೇಲೆ ಹಳೆಯ ಪಾಟಿಯನ್ನು ಇಡಿಯಾಗಿ ತೊಳೆಯಬೇಕು. ಪಾಟಿ ಎಂದರೆ ಇಲ್ಲಿ ಕೆಲವು ಎಂಬಿಗಳಷ್ಟು ದೊಡ್ಡ ತುಂಡು, ಸಾಲು ಎಂದರೆ ಕೆಲವು ಕೆಬಿ. ಪ್ರತಿ ಸಲ ತೊಳೆದಾಗಲೂ ಪಾಟಿ ಒಂದಿಷ್ಟು ಸವೆಯುತ್ತದೆ. ಒಳಗಿನ ಕೋಶದಲ್ಲಿ ವಿದ್ಯುತ್ ಕಣಗಳನ್ನು ಕೂಡಿಹಾಕಲು ಒಂದು ತೆಳುವಾದ ಪೊರೆ ಇದೆ. ಬರೆಯುವಾಗ, ಅಳಿಸುವಾಗ ಆ ಕಣಗಳನ್ನು ಜೋರಾಗಿ ಪೊರೆಯ ಮೂಲಕವೇ ನುಗ್ಗಿಸಬೇಕು. ನುಗ್ಗಿ ನುಗ್ಗಿ ಪೊರೆ ಹಾಳಾಗುತ್ತದೆ, ಕೊನೆಗೆ ಒಳಗಿಟ್ಟದ್ದು ನಿಲ್ಲುವುದಿಲ್ಲ.

ಹಾಗಾದರೆ ಎಷ್ಟು ಸಲ ತೊಳೆಯಬಹುದು? ಅದು ಕೋಶದ ಜಾತಿಯ ಮೇಲೆ. ಒಂದು ಕೋಶದಲ್ಲಿ ಒಂದೇ ಬಿಟ್ ಇಡುವ ದುಬಾರಿ ಜಾತಿ ಸುಮಾರು 1,00,000 ಸಲ ತಾಳುತ್ತದೆ. ಎರಡು ಬಿಟ್ ಇಡುವುದು 3,000ದಿಂದ 10,000. ಮೂರು ಬಿಟ್ ಇಡುವುದು ಸುಮಾರು 1,000ದ ಆಸುಪಾಸು. ಸೋವಿ ಪೆನ್‌ಡ್ರೈವಿನಲ್ಲಿ ಇರುವುದು ಸಾಮಾನ್ಯವಾಗಿ ಈ ಕೊನೆಯ ಜಾತಿ. ಒಂದೇ ಕೊಡದಲ್ಲಿ ‘ತುಂಬಿದೆ’, ‘ಖಾಲಿ’ ಎಂಬ ಎರಡೇ ಗುರುತಿದ್ದರೆ ಸ್ವಲ್ಪ ಸೋರಿದರೂ ಗೊಂದಲವಿಲ್ಲ. ಅದೇ ಕೊಡಕ್ಕೆ ಎಂಟು ಗೆರೆ ಹಾಕಿ, ನೀರು ಯಾವ ಗೆರೆಗಿದೆ ಎಂದು ಓದಬೇಕಾದರೆ? ಒಂದು ಲೋಟ ಸೋರಿದರೆ ಲೆಕ್ಕ ತಪ್ಪಿತು. ಮೂರು ಬಿಟ್ ಎಂದರೆ ಎಂಟು ಗೆರೆ.

ಇಷ್ಟು ತಿಳಿದ ಮೇಲೆ ಅಫಜಲಪುರದ ಡಬ್ಬಿಯ ಲೆಕ್ಕ ಹಾಕಲು ಕುಳಿತೆ. ಲಿನಕ್ಸ್ ಯಂತ್ರ ಸುಮ್ಮನೆ ಕುಳಿತಾಗಲೂ ದಿನಚರಿ ಬರೆಯುತ್ತಲೇ ಇರುತ್ತದೆ. ಯಾರು ವೈಫೈಗೆ ಬಂದರು, ಯಾವ ಪುಟ ತೆರೆದರು, ಯಾವ ಸೇವೆ ಎದ್ದಿತು, ಯಾವುದು ಬಿದ್ದಿತು. ಇದಕ್ಕೆ ಲಾಗ್ ಎನ್ನುತ್ತಾರೆ. ಇಎಕ್ಸ್‌ಟಿ4 ಎಂಬ ಕಡತ ವ್ಯವಸ್ಥೆ ತನ್ನ ಬಾಕಿ ಬರಹವನ್ನು 5 ಸೆಕೆಂಡಿಗೊಮ್ಮೆ ಇಳಿಸುತ್ತದೆ. ಬರೆಯುವುದು ಸದಾ ಇದ್ದರೆ ದಿನಕ್ಕೆ 17,280 ಸಲ. ತೀರಾ ಕೆಟ್ಟ ಪ್ರಸಂಗ ಹಿಡಿಯೋಣ: ಒಳಗಿನ ಚಿಪ್ಪು ಸೋವಿಯದು, ಪ್ರತಿ ಸಲವೂ ಒಂದು 4 ಎಂಬಿಯ ಪಾಟಿ ತೊಳೆಯುತ್ತದೆ. ದಿನಕ್ಕೆ ಸುಮಾರು 69 ಜಿಬಿಯಷ್ಟು ತೊಳೆತ. ಬರೆದ ನಿಜವಾದ ಅಕ್ಷರ ಒಂದು ವಹಿ ತುಂಬುವಷ್ಟೂ ಇಲ್ಲ! 16 ಜಿಬಿ, ಸಾವಿರ ಸಲ, ಅಂದರೆ 16,000 ಜಿಬಿ. ಭಾಗಿಸಿದರೆ 232 ದಿನ, ಏಳೂವರೆ ತಿಂಗಳು. ಅದೂ ಸವೆತವನ್ನು ಎಲ್ಲ ಪಾಟಿಗಳಿಗೂ ಸಮನಾಗಿ ಹಂಚಿದರೆ. ಒಳ್ಳೆಯ ಎಸ್‌ಎಸ್‌ಡಿಗಳಲ್ಲಿ ಹಾಗೆ ಹಂಚುವ ಜಾಣ ನಿಯಂತ್ರಕ ಇರುತ್ತದೆ, ಚಿಲ್ಲರೆ ಬರಹಗಳನ್ನು ಕೂಡಿಸಿ ಒಮ್ಮೆಗೇ ಇಳಿಸುವ ತಾಳ್ಮೆಯೂ ಇರುತ್ತದೆ. ಪೆನ್‌ಡ್ರೈವಿನ ನಿಯಂತ್ರಕ ಅಷ್ಟು ಓದಿದ್ದಲ್ಲ. ಅದನ್ನು ಮಾಡಿದ್ದು ಮದುವೆಯ ಫೋಟೊ ಹೊತ್ತು ಮನೆಯಿಂದ ಸ್ಟುಡಿಯೊಕ್ಕೆ ಹೋಗಿಬರಲು.

ಆದರೂ ಐದು ತಿಂಗಳಿಗೇ ಯಾಕೆ? ಅಲ್ಲಿತ್ತು ನನ್ನ ಪಾಪ. ಮೂರು ಯಂತ್ರಗಳ ಪೈಕಿ ಅಫಜಲಪುರದ್ದರಲ್ಲಿ ರ‍್ಯಾಮ್ ಇದ್ದದ್ದು 1 ಜಿಬಿ ಮಾತ್ರ. ಸಾಲದೆಂದು ನಾನು ಪೆನ್‌ಡ್ರೈವಿನಲ್ಲೇ 2 ಜಿಬಿ ಜಾಗವನ್ನು ಸ್ವಾಪ್ ಎಂದು ಬಿಟ್ಟುಕೊಟ್ಟಿದ್ದೆ. ಅಂದರೆ ರ‍್ಯಾಮಿನಲ್ಲಿ ಜಾಗ ಸಾಲದಾದಾಗ ಯಂತ್ರವು ಪೆನ್‌ಡ್ರೈವನ್ನೇ ರ‍್ಯಾಮ್ ಎಂದು ತಿಳಿದು ಗೀಚುತ್ತಿತ್ತು. ಹತ್ತು ಹುಡುಗರು ಕೂಡಿ ವಿಕಿಪೀಡಿಯ ತೆರೆದರೆ ಪೆನ್‌ಡ್ರೈವಿನ ದೀಪ ಆರದೇ ಮಿನುಗುತ್ತಿತ್ತು. ಆ ದೀಪವನ್ನು ನಾನೇ ನೋಡಿದ್ದೆ. ‘ಆಹಾ, ಎಷ್ಟು ಮಂದಿ ಓದುತ್ತಿದ್ದಾರೆ’ ಎಂದು ಖುಷಿಪಟ್ಟಿದ್ದೆ.

ಅಫಜಲಪುರಕ್ಕೆ ಹೊಸ ಪೆನ್‌ಡ್ರೈವ್ ಹೋಯಿತು. ಸ್ವಾಪ್ ತೆಗೆದೆ, ಲಾಗನ್ನು ರ‍್ಯಾಮಿನಲ್ಲೇ ಬರೆಯುವ ಹಾಗೆ ಮಾಡಿದೆ, ಗುಜರಿಯಿಂದ ಇನ್ನೊಂದು 1 ಜಿಬಿಯ ತುಣುಕು ತಂದು ಹಾಕಿದೆ. ಜೇವರ್ಗಿಯದನ್ನೂ ಹಾಗೇ ಸರಿಪಡಿಸಬೇಕಿತ್ತು. ಅಲ್ಲಿ 2 ಜಿಬಿ ರ‍್ಯಾಮ್, ಸ್ವಾಪ್ ಇಲ್ಲ, ನಡೆದಿದೆಯಲ್ಲ, ಮುಂದಿನ ತಿಂಗಳು ನೋಡೋಣ ಎಂದುಕೊಂಡೆ.

ಆ ಮುಂದಿನ ತಿಂಗಳು ಬರುವುದರೊಳಗೆ ಎಳ್ಳಮಾಸಿ ಬಂತು. 2019ರ ಜನವರಿ. ನಮ್ಮ ಕಡೆ ಎಳ್ಳಮಾಸಿಗೆ ಊರೆಲ್ಲ ಹೊಲಕ್ಕೆ ಹೋಗುತ್ತದೆ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾದ ಹೋಳಿಗೆ ಕಟ್ಟಿಕೊಂಡು ಹೋಗಿ, ಬೆಳೆಗೆ ಚರಗ ಚೆಲ್ಲಿ, ಅಲ್ಲೇ ಉಂಡು ಬರುವುದು. ಆ ಸಲ ಸ್ವಾದರತ್ತಿಯ ಊರಿಗೆ ಹೋದೆವು. ಅಪ್ಪನ ಅಕ್ಕ. ಕಡಕೋಳದ ಕಡೆಯ ಒಂದು ಸಣ್ಣ ಊರು. ಮಡಿವಾಳಪ್ಪನ ಮಠವಿರುವ ಕಡಕೋಳ ಆಗ ತಾನೇ ಜೇವರ್ಗಿ ತಾಲೂಕು ಬಿಟ್ಟು ಹೊಸ ಯಡ್ರಾಮಿ ತಾಲೂಕಿಗೆ ಸೇರಿತ್ತು. ಸ್ವಾದರತ್ತಿ ಮಾತ್ರ ಕೊನೆಯ ತನಕ ‘ನಮ್ದು ಜೇವರ್ಗಿ ತಾಲೂಕ’ ಎನ್ನುತ್ತಲೇ ಇದ್ದಳು.

ಸ್ವಾದರತ್ತಿಗೆ ಓದು ಬರಹ ಬರುತ್ತಿರಲಿಲ್ಲ. ಮಡಿವಾಳಪ್ಪನ ಪದ, ಚೆನ್ನೂರ ಜಲಾಲಸಾಹೇಬರ ಪದ, ಯಾರದೆಂದು ಗೊತ್ತಿಲ್ಲದ ಪದ, ಎಲ್ಲ ಬಾಯಲ್ಲಿ. ಅವಳ ಗಂಡ ಅಮಾಸೆ ಭಜನೆಯಲ್ಲಿ ಏಕತಾರಿ ಹಿಡಿಯುತ್ತಿದ್ದವನು. ಕೇಳಿ ಕೇಳಿ ಇವಳು ಕಲಿತಳು. ಬೀಸುವ ಪದಗಳು ಅವಳವೇ. ಗಿರಣಿ ಬಂದು ಐವತ್ತು ವರ್ಷವಾದರೂ ಬೀಸುವ ಕಲ್ಲು ಮನೆಯ ಮೂಲೆಯಲ್ಲಿ ಇತ್ತು. ಊಟವಾದ ಮೇಲೆ ಬನ್ನಿ ಗಿಡದ ನೆರಳಲ್ಲಿ ಕೂರಿಸಿ, ‘ಅತ್ತೀ, ಹಾಡು, ತುಂಬ್ಕೋತೀನಿ’ ಎಂದು ಫೋನ್ ಹಿಡಿದೆ. ಮೊದಲು ನಾಚಿದಳು. ಆಮೇಲೆ ನಿಲ್ಲಿಸಲಿಲ್ಲ. ಒಟ್ಟು ಹದಿನಾಲ್ಕು ಹಾಡು. ಕೊನೆಯದು ಬೀಸುವ ಪದ. ಅದರಲ್ಲಿ ತನ್ನ ತವರಿನವರ ಹೆಸರನ್ನೆಲ್ಲ ಒಂದೊಂದು ನುಡಿಗೆ ಒಂದೊಂದರಂತೆ ಹೆಣೆದಿದ್ದಳು. ಅಪ್ಪನ ಹೆಸರು ಬಂದಾಗ ಅಪ್ಪ ಎದ್ದು ತೊಗರಿ ಸಾಲಿನೊಳಗೆ ಹೋದರು, ನೀರು ಬಿಡುವವರ ಹಾಗೆ.

ಸಂಜೆ ಜೇವರ್ಗಿಗೆ ಬಂದವನೇ ಹಾಡುಗಳನ್ನು ಅಕ್ಕನ ಮನೆಯ ಡಬ್ಬಿಗೆ ಇಳಿಸಿದೆ. ಗಡಿಬಿಡಿ, ಕಲಬುರಗಿಯ ಕಡೆಯ ಬಸ್ಸು ಹೊರಡುವ ಹೊತ್ತು. ಹಾರ್ಡ್‌ಡಿಸ್ಕಿನ ಜಾಗಕ್ಕೆ ಹಾಕಬೇಕಿದ್ದದ್ದನ್ನು ಪೆನ್‌ಡ್ರೈವಿನಲ್ಲಿದ್ದ ನನ್ನ ಸ್ವಂತ ಫೋಲ್ಡರಿಗೆ ಹಾಕಿದೆ. ಆಮೇಲೆ ಸರಿಸಿದರಾಯಿತು. ಹದಿನೈದು ದಿನದಲ್ಲಿ ಫೋನು ‘ಜಾಗವಿಲ್ಲ’ ಎಂದಿತು. ಡಬ್ಬಿಯಲ್ಲಿ ಇದೆಯಲ್ಲ ಎಂದು ಫೋನಿನಿಂದ ಅಳಿಸಿದೆ. ಸರಿಸುವುದು ಉಳಿಯಿತು.

ಕಂಪ್ಯೂಟರ್ ಬಲ್ಲವರು ಇದನ್ನು ಓದುತ್ತ ಹಲ್ಲು ಕಡಿಯುತ್ತಿರಬಹುದು. ನಾನು ವರ್ಷಕ್ಕೆ ಎರಡು ಸಲ ಹುಡುಗರಿಗೆ ‘ಒಂದೇ ಪ್ರತಿ ಇದ್ದರೆ ಪ್ರತಿಯೇ ಇಲ್ಲ ಎಂದು ತಿಳಿ’ ಎಂದು ಪಾಠ ಹೇಳುವವನು.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ದಾಖಲಾದದ್ದು ನಮ್ಮ ಜಿಲ್ಲೆಯಲ್ಲಿ. ಶಾಲೆಗಳು ಮುಚ್ಚಿದವು. ಟ್ಯೂಷನ್ನೂ ನಿಂತಿತು, ಆದರೆ ಅಕ್ಕನ ಮನೆಯ ವೈಫೈ ಓಣಿಯ ಆಚೀಚೆ ನಾಲ್ಕು ಮನೆಗಳಿಗೆ ಮುಟ್ಟುತ್ತಿತ್ತು. ಮಕ್ಕಳು ತಮ್ಮ ತಮ್ಮ ಕಟ್ಟೆಯ ಮೇಲೆ ಕುಳಿತು ಪಾಠ ತೆರೆಯುತ್ತಿದ್ದರು. ಡಬ್ಬಿ ಇಷ್ಟು ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಬಂದವರ ಹೆಸರು, ಹೊತ್ತು, ತೆರೆದ ಪುಟ, ಎಲ್ಲವನ್ನೂ ಅದು ಶ್ರದ್ಧೆಯಿಂದ ಪೆನ್‌ಡ್ರೈವಿಗೆ ಬರೆಯುತ್ತಿತ್ತು. ಬೇಸಿಗೆ ಬೇರೆ. ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಸಾಮಾನ್ಯ. ಬಂಡೆಗಲ್ಲಿನ ಮನೆಯಾದರೂ ಪಡಸಾಲೆಯ ಮೂಲೆಯಲ್ಲಿ ಯಂತ್ರದ ಹಿಂಬದಿ ಕೈ ಇಡಲಾಗದು. ಶಾಖ ಹೆಚ್ಚಿದಂತೆ ಕೋಶದೊಳಗಿನ ವಿದ್ಯುತ್ತು ಬೇಗ ಸೋರುತ್ತದೆ, ಅದರಲ್ಲೂ ಸವೆದ ಕೋಶದಿಂದ. ಮೇಲೆ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವುದು. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಅಕ್ಷರ ಮಾತ್ರವಲ್ಲ, ಯಾವ ಸಾಲು ಯಾವ ಪಾಟಿಯಲ್ಲಿದೆ ಎಂಬ ಒಳಗಿನ ಪಟ್ಟಿಯೇ ಕೆಡಬಹುದು. ಎಷ್ಟೋ ಪೆನ್‌ಡ್ರೈವ್‌ಗಳು ಸವೆದು ಸಾಯುವುದಿಲ್ಲ, ಪಟ್ಟಿ ಕೆಟ್ಟು ಸಾಯುತ್ತವೆ.

ಸ್ವಾದರತ್ತಿ ಜುಲೈನಲ್ಲಿ ಹೋದಳು. ಕೊರೊನಾ ಅಲ್ಲ, ವಯಸ್ಸು. ಮಣ್ಣಿಗೆ ಹತ್ತು ಮಂದಿ. ಆಗಸ್ಟಿನಲ್ಲಿ ಅಕ್ಕನ ಮನೆಗೆ ಅಪ್ಪನೂ ಬಂದಿದ್ದರು. ರಾತ್ರಿ ಉಂಡು ಕುಳಿತಾಗ ಅಪ್ಪ, “ಅಕ್ಕಂದು ಆ ಹಾಡು ಹಚ್ಚೋ ತಮ್ಮಾ” ಎಂದರು. ಫೋನಿನಲ್ಲಿ ಡಬ್ಬಿಯ ಪುಟ ತೆರೆದೆ. ತೆರೆಯಲಿಲ್ಲ. ಅಕ್ಕ ಒಳಗಿನಿಂದ, “ಅದು ಮೂರು ದಿನ ಆತು ಬಂದ್ ಆಗಿ, ನಿನಗ ಹೇಳೂದ ಮರ್ತೆ” ಎಂದಳು.

ಎರಡು ವರ್ಷ ಎರಡು ತಿಂಗಳು ನಡೆದಿತ್ತು. ಪೆನ್‌ಡ್ರೈವ್ ಗಾತ್ರ ಸರಿಯಾಗಿಯೇ ತೋರಿಸುತ್ತಿತ್ತು, ಓದಲು ಹೋದರೆ ನಡುನಡುವೆ ಗಂಟಲು ಕಟ್ಟುತ್ತಿತ್ತು. ಆ ರಾತ್ರಿ ನಾನು ಅಪ್ಪನಿಗೆ ಏನು ಹೇಳಿದೆನೋ ನೆನಪಿಲ್ಲ. ನಾಳೆ ರಿಪೇರಿ ಮಾಡ್ತೀನಿ ಎಂದಿರಬೇಕು.

ಡಿಡಿರೆಸ್ಕ್ಯೂ ಎಂಬ ತಂತ್ರಾಂಶವಿದೆ. ಕೆಟ್ಟ ಡಿಸ್ಕಿನ ಮೇಲೆ ಮೊದಲು ಒಳ್ಳೆಯ ಜಾಗಗಳನ್ನೆಲ್ಲ ಅವಸರವಾಗಿ ನಕಲು ಮಾಡಿಕೊಂಡು, ಆಮೇಲೆ ಕೆಟ್ಟ ಜಾಗಗಳಿಗೆ ಮರಳಿ ಬಂದು ಮತ್ತೆ ಮತ್ತೆ ಕೇಳುತ್ತದೆ. ನಾಲ್ಕು ದಿನ ಬಿಟ್ಟೆ. ಹದಿನಾಲ್ಕರಲ್ಲಿ ಒಂಬತ್ತು ಹಾಡು ಇಡಿಯಾಗಿ ಬಂದವು. ಎರಡರಲ್ಲಿ ನಡುನಡುವೆ ಕರಕರ ಸದ್ದು. ಮೂರು ಬರಲಿಲ್ಲ. ಒಮ್ಮೆ ಬರೆದು ಬಿಟ್ಟ ಹಾಡುಗಳು ಯಾಕೆ ಕೆಡಬೇಕು ಎಂದು ಬಹಳ ತಲೆಕೆಡಿಸಿಕೊಂಡೆ. ಅವುಗಳ ಮೇಲೆ ಯಾರೂ ಮತ್ತೆ ಬರೆದಿರಲಿಲ್ಲವಲ್ಲ. ಆದರೆ ಸವೆತ ಹಂಚುವ ನಿಯಂತ್ರಕ ಇದ್ದರೆ ಅದು ಸುಮ್ಮನೆ ಕುಳಿತ ಕಡತಗಳನ್ನು ಎತ್ತಿ ಸವೆದ ಪಾಟಿಗೆ ಹಾಕಿ, ಅವು ಕುಳಿತಿದ್ದ ಹೊಸ ಪಾಟಿಯನ್ನು ಲಾಗಿಗೆ ಕೊಡುತ್ತದೆ. ಲೆಕ್ಕಕ್ಕೆ ನ್ಯಾಯವೇ. ಬಹುಶಃ ಹುಡುಗರು ಯಾವ ಪುಟ ತೆರೆದರೆಂದು ಬರೆದಿಡಲು ಸ್ವಾದರತ್ತಿಯ ಹಾಡನ್ನು ಎಬ್ಬಿಸಿ ಹರಕು ಚಾಪೆಯ ಮೇಲೆ ಕೂರಿಸಿತ್ತು. ಆ ಲಾಗನ್ನು ನಾನು ಒಂದು ದಿನವೂ ತೆರೆದು ಓದಿರಲಿಲ್ಲ.

ಹೋದ ಮೂರರಲ್ಲಿ ಎರಡು ತತ್ವಪದ. ಅವು ಎಲ್ಲೂ ಹೋಗಿಲ್ಲ. ತತ್ವಪದಗಳು ಸಂಪುಟಗಳಾಗಿ ಬಂದಿವೆ, ಭಜನೆಯವರ ವಹಿಗಳಲ್ಲಿವೆ, ಅಪ್ಪನ ವಹಿಯಲ್ಲೂ ಇವೆ. ವಹಿಯ ಹಾಳೆ ಜೀರ್ಣವಾಯಿತೆಂದರೆ ಯಾರಾದರೂ ಹೊಸ ವಹಿಗೆ ಇಳಿಸುತ್ತಾರೆ, ಇಳಿಸುವಾಗ ಒಂದೆರಡು ಮಾತು ಬದಲಾಗುತ್ತವೆ, ಪದ ಉಳಿಯುತ್ತದೆ. ಮೂರನೆಯದು ಆ ಬೀಸುವ ಪದ. ಅದು ಯಾವ ವಹಿಯಲ್ಲೂ ಇಲ್ಲ. ಅಕ್ಕನಿಗೆ ಧಾಟಿ ಬರುತ್ತದೆ, ಎರಡು ನುಡಿ ಬರುತ್ತವೆ. “ಮುಂದಿಂದು ಬರವಲ್ದು” ಎನ್ನುತ್ತಾಳೆ. ಅಪ್ಪನ ಹೆಸರಿನ ನುಡಿ ಮುಂದಿನದರಲ್ಲಿತ್ತು.

ಇದು ನನ್ನೊಬ್ಬನ ದಡ್ಡತನ ಎಂದುಕೊಂಡಿದ್ದೆ. ಮರುವರ್ಷ ದೊಡ್ಡವರ ಸುದ್ದಿ ಓದಿ ಸಮಾಧಾನವಾಯಿತೋ ಹೊಟ್ಟೆ ಉರಿಯಿತೋ ಹೇಳಲಾರೆ. ಡೇಟಾ ಸೆಂಟರುಗಳಲ್ಲಿ ವಿಎಂವೇರ್ ಕಂಪನಿಯ ಇಎಸ್‌ಎಕ್ಸ್‌ಐ ಬಹಳ ಬಳಕೆಯಲ್ಲಿತ್ತು. ಹಿಂದಿನ ಆವೃತ್ತಿಗಳು ಪೆನ್‌ಡ್ರೈವಿನಿಂದ ಎದ್ದು ರ‍್ಯಾಮಿನಲ್ಲಿ ಕುಳಿತುಬಿಡುತ್ತಿದ್ದವು. ಮೇಲೆ ಬರೆಯುವುದು ಅಪರೂಪ. ಹಾಗಾಗಿ ವರ್ಷಗಟ್ಟಲೆ ನಡೆದವು. 2020ರಲ್ಲಿ ಬಂದ 7.0 ಆವೃತ್ತಿ ಬೂಟ್ ಸಾಧನದ ಮೇಲೆ ಹೆಚ್ಚು ಹೆಚ್ಚು ಬರೆಯತೊಡಗಿತು. ಮುಂದಿನ ವರ್ಷ ಎಸ್‌ಡಿ ಕಾರ್ಡುಗಳು, ಪೆನ್‌ಡ್ರೈವ್‌ಗಳು ಕೆಡುವ ದೂರು ಎಲ್ಲ ಕಡೆ. ಕೊನೆಗೆ ಕಂಪನಿಯೇ ಇವನ್ನು ಬೂಟಿಗೆ ಬಳಸುವುದನ್ನು ಬಿಡಿ, ಗಟ್ಟಿಯಾದ ಡಿಸ್ಕ್ ಹಾಕಿ ಎಂದಿತು. ಅತ್ತ ಅನ್‌ರೇಡ್ ಎಂಬ ಇನ್ನೊಂದು ವ್ಯವಸ್ಥೆ ಪೆನ್‌ಡ್ರೈವಿನಿಂದಲೇ ಏಳುತ್ತದೆ. ಎದ್ದ ಕೂಡಲೇ ಎಲ್ಲವನ್ನೂ ರ‍್ಯಾಮಿಗೆ ಎತ್ತಿಕೊಂಡು, ಪೆನ್‌ಡ್ರೈವಿನ ಮೇಲೆ ಸೆಟ್ಟಿಂಗು ಬದಲಾದಾಗ ಮಾತ್ರ ಬರೆಯುತ್ತದೆ. ಅಂಥವರ ಪೆನ್‌ಡ್ರೈವ್ ಬಹಳ ವರ್ಷ ಬಾಳುತ್ತದೆ. ಹಾಗಾಗಿ ‘ಪೆನ್‌ಡ್ರೈವ್ ಎಷ್ಟು ವರ್ಷ ಬರುತ್ತದೆ’ ಎಂದು ಯಾರಾದರೂ ಕೇಳಿದರೆ ನಾನು ವರ್ಷ ಹೇಳುವುದಿಲ್ಲ, ಅದರ ಮೇಲೆ ದಿನಕ್ಕೆ ಎಷ್ಟು ಬರೆಯುತ್ತೀರಿ ಎಂದು ತಿರುಗಿ ಕೇಳುತ್ತೇನೆ.

ಇದಕ್ಕೆ ನನ್ನ ಹತ್ತಿರವೇ ಸಾಕ್ಷಿ ಇದೆ, ಆಳಂದದಲ್ಲಿ. ಅಲ್ಲಿನ ಯಂತ್ರದಲ್ಲಿ ಅದೃಷ್ಟಕ್ಕೆ 4 ಜಿಬಿ ರ‍್ಯಾಮ್ ಇತ್ತು. ಅಪ್ಪ ಎಲ್ಲಿ ಏನು ಒತ್ತಿ ಕೆಡಿಸುತ್ತಾರೋ ಎಂಬ ಭಯಕ್ಕೆ ಅಲ್ಲಿ ಮಾತ್ರ ‘ಲೈವ್’ ರೀತಿಯ ಡೆಬಿಯನ್ ಹಾಕಿದ್ದೆ. ಚಾಲೂ ಆಗುವಾಗ ಇಡೀ ವ್ಯವಸ್ಥೆಯನ್ನು ರ‍್ಯಾಮಿಗೆ ಎತ್ತಿಕೊಳ್ಳುವಂತೆ ‘ಟುರ‍್ಯಾಮ್’ ಎಂಬ ಒಂದು ಮಾತನ್ನು ಸೇರಿಸಿದ್ದೆ. ಅಪ್ಪ ಏನೇ ಕೆಡಿಸಲಿ, ಬಂದ್ ಮಾಡಿ ಚಾಲೂ ಮಾಡಿದರೆ ಮೊದಲಿನಂತೆ. ಪೆನ್‌ಡ್ರೈವಿನ ಉಳಿವಿಗಾಗಿ ಮಾಡಿದ್ದಲ್ಲ, ಅಪ್ಪನ ಮೇಲಿನ ಅವಿಶ್ವಾಸಕ್ಕೆ ಮಾಡಿದ್ದು. ಲಾಗೆಲ್ಲ ರ‍್ಯಾಮಿನಲ್ಲಿ ಹುಟ್ಟಿ ಕರೆಂಟ್ ಹೋದಾಗ ಅಲ್ಲೇ ಸಾಯುತ್ತದೆ. ಏಳುವಾಗ ಒಂದೆರಡು ನಿಮಿಷ ಓದಿದ್ದು ಬಿಟ್ಟರೆ ಪೆನ್‌ಡ್ರೈವಿಗೆ ಕೆಲಸವೇ ಇಲ್ಲ. ಒಂದೇ ದಿನ, ಒಂದೇ ಅಂಗಡಿಯಲ್ಲಿ ಕೊಂಡ ಮೂರರಲ್ಲಿ ಒಂದು ಐದು ತಿಂಗಳು, ಒಂದು ಎರಡು ವರ್ಷ, ಇನ್ನೊಂದು ಹೋದ ವರ್ಷದ ಜೂನ್‌ಗೆ, ಅಂದರೆ 2025ಕ್ಕೆ, ಏಳು ವರ್ಷ ಮುಗಿಸಿತು.

ಏಳು ವರ್ಷ ಎಂದಾಗ ನನಗೆ ಭಯ ಶುರುವಾಯಿತು. ಬರೆಯದಿದ್ದರೂ ಇಟ್ಟ ವಿದ್ಯುತ್ತು ನಿಧಾನವಾಗಿ ಸೋರುವುದು ತಪ್ಪುವುದಿಲ್ಲ. ಎಂದೋ ಬರೆದದ್ದನ್ನು ಮತ್ತೆ ಹೊಸದಾಗಿ ಬರೆಯದೆ ಬಿಟ್ಟರೆ ಅದೂ ಮಾಸುತ್ತದೆ. ಜೇವರ್ಗಿ, ಅಫಜಲಪುರಗಳಿಗೆ ಈಗ ಸಣ್ಣ ಎಸ್‌ಎಸ್‌ಡಿ ಹಾಕಿದ್ದೇನೆ, ಹಾಡುಗಳು ಐದು ಕಡೆ ಇವೆ. ಆಳಂದಕ್ಕೂ ಹೊಸ ಪೆನ್‌ಡ್ರೈವ್ ತೆಗೆದುಕೊಂಡು ಒಂದು ರವಿವಾರ ಕಡಗಂಚಿ ದಾಟಿ ಹೋದೆ.

ಅಪ್ಪ ಗೋಡೆಗೆ ಒರಗಿ ಕುಳಿತಿದ್ದರು. ಡಬ್ಬಿಯಿಂದ ಸ್ವಾದರತ್ತಿಯ ಹಾಡು ನಡೆದಿತ್ತು, ಉಳಿದ ಒಂಬತ್ತರಲ್ಲಿ ಒಂದು.

“ನಡೀಲತದಲ್ಲ, ಅದಕ್ಯಾಕ ಕೈ ಹಚ್ತಿ?”

“ಹಳೇದಾಗ್ಯದ ಅಪ್ಪಾ, ನಕಲಿ ತಗದು ಹೊಸಾದು ಹಾಕ್ತೀನಿ” ಎಂದು ಯಂತ್ರವನ್ನು ಬಂದ್ ಮಾಡದೆಯೇ ಹಿಂದಿನಿಂದ ಪೆನ್‌ಡ್ರೈವನ್ನು ಕಿತ್ತೆ. ಅಪ್ಪ ಗಾಬರಿಯಾಗಿ ನೆಟ್ಟಗೆ ಕುಳಿತರು. ಹಾಡು ನಿಲ್ಲಲಿಲ್ಲ. ವ್ಯವಸ್ಥೆ ರ‍್ಯಾಮಿನಲ್ಲಿತ್ತು, ಹಾಡು ಹಾರ್ಡ್‌ಡಿಸ್ಕಿನಲ್ಲಿತ್ತು. ಮೂಲೆಗಳು ಸವೆದು ಹೊಳೆಯುತ್ತಿದ್ದ ಆ ಕರಿ ಪ್ಲಾಸ್ಟಿಕ್ ತುಣುಕನ್ನು ಅಂಗೈಯಲ್ಲಿಟ್ಟು ತೋರಿಸಿದೆ. ಅಪ್ಪ ಅದನ್ನೊಮ್ಮೆ, ಹಾಡುತ್ತಿದ್ದ ಡಬ್ಬಿಯನ್ನೊಮ್ಮೆ ನೋಡಿದರು.

“ಲಗೂ ಚುಚ್ಚೋ” ಎಂದರು, “ಕರೆಂಟ್ ಹೋದೀತು.”